ಸ್ಕೂಲಿಗೆ ಸೇರಿಸಿದ ಮೇಲೆ ಆರಾಮು ಅಂದಿದ್ದರು. ನಿಮಗೆ ಆರಾಮಾಗಿದೆಯಾ?

ವಿಜಯನಗರದ ಅಮ್ಮ

ಮಗ ಆರನೇ ಕ್ಲಾಸ್, ಮಗಳು ಮೂರನೇ ಕ್ಲಾಸ್. ನಾನು, ನಮ್ಮೆಜಮಾನ್ರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಕ್ಕಳು ಚಿಕ್ಕವರಿದ್ದಾಗ ಕಂಡವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಸ್ಕೂಲಿಗೆ ಹಾಕೋವರೆಗೆ ಕಷ್ಟ ಕಣಮ್ಮ, ಆಮೇಲೆ ಆರಾಮು." ನನಗೆ ಪೂರ್ತಿ ಉಲ್ಟಾ ಆಗಿದೆ. ರಾತ್ರಿಯೆಲ್ಲ ಎದ್ದು ಹಾಲು ಕುಡಿಸುತ್ತಿದ್ದ ಕಾಲದಲ್ಲೂ ಇಷ್ಟು ಸುಸ್ತಾಗಿರಲಿಲ್ಲ. ಆಗ ಒಂದು ನಿದ್ದೆ ಮಾಡಿದರೆ ಸರಿಹೋಗುತ್ತಿತ್ತು. ಈಗ ಭಾನುವಾರ ಮಧ್ಯಾಹ್ನ ಚೆನ್ನಾಗಿ ಮಲಗಿದರೂ ಎದ್ದಾಗ ಅದೇ ಭಾರ.

ಇದೇ ಕಾರಣ ಅಂತ ಒಂದು ಕೆಲಸ ತೋರಿಸೋಕೆ ಆಗಲ್ಲ. ಡಬ್ಬಿ ನಾಲ್ಕು: ಒಬ್ಬೊಬ್ಬರಿಗೆ ಒಂದು ಊಟದ್ದು, ಒಂದು ಸ್ನ್ಯಾಕ್ಸ್‌ದು. ಬುಧವಾರ ಬಿಳಿ ಯೂನಿಫಾರಂ. ವ್ಯಾನ್ ಅಂಕಲ್ ನಾಳೆ ಬರಲ್ಲ. ಎಫ್‌ಎ-2 ಪರೀಕ್ಷೆಯ ಪೋರ್ಷನ್ ಬಂದಿದೆ. ರಾಜ್ಯೋತ್ಸವಕ್ಕೆ ಮಗಳು ಒನಕೆ ಓಬವ್ವ ಆಗಬೇಕು, ಒನಕೆ ನಾವೇ ಹುಡುಕಬೇಕು. ರಾತ್ರಿ ಒಂಬತ್ತೂವರೆಗೆ ಕ್ಲಾಸ್ ಗ್ರೂಪಿನಲ್ಲಿ ಮೆಸೇಜ್: ನಾಳೆ ಹಸಿರು ಚಾರ್ಟ್ ಪೇಪರ್, ಐದು ಬಗೆಯ ಎಲೆ, ಎರಡು ಪಾಸ್‌ಪೋರ್ಟ್ ಫೋಟೊ. ಆ ಹೊತ್ತಿಗೆ ಯಾವ ಸ್ಟೇಷನರಿ ಅಂಗಡಿ ತೆಗೆದಿರುತ್ತೆ? ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸಣ್ಣ ಕೆಲಸ. ಆದರೆ ಆಫೀಸಿನ ಮೀಟಿಂಗ್ ನಡುವೆಯೂ ತಲೆಯಲ್ಲಿ ಓಡುತ್ತಲೇ ಇರುತ್ತವೆ.

ನನಗೆ ಹೆದರಿಕೆ ಆಗಿರೋದು ಬೇರೆ ವಿಷಯಕ್ಕೆ. ಮಗಳು ಶಾಲೆಯ ಕಥೆ ಹೇಳುತ್ತಿದ್ದರೆ "ಬೇಗ ಮುಗಿಸಬಾರದಾ" ಅನ್ನಿಸುತ್ತೆ. ಹೂಂ ಅನ್ನುತ್ತೇನೆ, ಒಂದು ಮಾತೂ ಕಿವಿಗೆ ಬಿದ್ದಿರಲ್ಲ. ನಾನು ಇಂಥ ಅಮ್ಮ ಆಗಿರಲಿಲ್ಲ.

ಯಾಕೆ ಹೀಗಾಗುತ್ತೆ ಅಂತ ತಿಳಿಯಬೇಕು. ದಯವಿಟ್ಟು ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಣಾಯಾಮ ಮಾಡಿ ಅನ್ನಬೇಡಿ. ಐದಕ್ಕೆ ಎದ್ದೇ ನಾಲ್ಕು ಡಬ್ಬಿ ತುಂಬುತ್ತಿರೋದು.

ಕುಂದಾಪುರದವಳು

ಕೊನೆಯ ಸಾಲಿಗೆ ನಗು ಬಂತು, ನಗಬಾರದಿತ್ತು. ನಮ್ಮ ಕಡೆ ಇಷ್ಟರ ಜೊತೆಗೆ ಮಳೆ ಬೇರೆ. ಜೂನ್, ಜುಲೈನಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ಕೊಡಲೇಬೇಕು, ಹೊಳೆ ತೋಡು ದಾಟಿ ಬರುವ ಮಕ್ಕಳಿದ್ದಾರೆ. ಆದರೆ ಸುದ್ದಿ ಬರೋದು ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಿಗ್ಗೆಯೇ. "ಡೀಸಿ ರಜೆ ಕೊಟ್ರಾ?" ಅಂತ ಮಕ್ಕಳು ಕುಣಿಯುತ್ತವೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡೋದು. ಡೀಸಿ ನನಗೆ ರಜೆ ಕೊಟ್ಟಿರಲ್ಲ. ಆಮೇಲೆ ಕಳೆದುಹೋದ ಪಾಠ ತುಂಬಿಸೋಕೆ ಶನಿವಾರ ಮಧ್ಯಾಹ್ನವೂ ಕ್ಲಾಸ್. ಕೆಲಸಕ್ಕಿಂತ ಈ "ನಾಳೆ ಏನೋ" ಅನ್ನೋದೇ ನನ್ನನ್ನು ಜಾಸ್ತಿ ತಿನ್ನುತ್ತೆ.

ಮೈಸೂರಿನ ನಿವೃತ್ತ

ತಪ್ಪು ತಿಳಿಯಬೇಡಿ ತಾಯಿ. ನಮ್ಮಮ್ಮ ಆರು ಮಕ್ಕಳನ್ನು ಸಾಕಿದರು. ಸೌದೆ ಒಲೆ, ಬಾವಿ ನೀರು. ಮಿಕ್ಸಿ ಇಲ್ಲ, ಗ್ಯಾಸ್ ಇಲ್ಲ. ಅವರು ಒಂದು ದಿನವೂ ಹೀಗೆಲ್ಲ ಹೇಳಿದ್ದು ನಾನು ಕೇಳಿಲ್ಲ. ಈಗಿನವರಿಗೆ ತಾಳ್ಮೆ ಕಡಿಮೆಯಾಗಿದೆ ಅಂತ ನನ್ನ ಅನಿಸಿಕೆ.

ವಿಜಯನಗರದ ಅಮ್ಮ

ಸರ್, ಹೇಳಿದ್ದು ನೀವು ಕೇಳಿಲ್ಲ. ಹೇಳಲಿಲ್ಲ ಅಂತ ಅಲ್ಲ, ಅಲ್ವಾ? ಇನ್ನೊಂದು ಕೇಳುತ್ತೇನೆ. ನಿಮ್ಮಮ್ಮ ನಿಮ್ಮ ಹೋಂವರ್ಕ್ ಮಾಡಿಸುತ್ತಿದ್ದರಾ?

ಮೈಸೂರಿನ ನಿವೃತ್ತ

ಹೋಂವರ್ಕಾ! ನಾನು ಯಾವ ಕ್ಲಾಸಿನಲ್ಲಿದ್ದೇನೆ ಅಂತಲೇ ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಹೊಡೆದರು ಅಂತ ಮನೆಯಲ್ಲಿ ಹೇಳಿದರೆ ಇನ್ನೆರಡು ಬೀಳುತ್ತಿದ್ದವು. ಶಾಲೆ ಬಿಟ್ಟ ಮೇಲೆ ದೀಪ ಹಚ್ಚೋವರೆಗೆ ಬೀದಿಯಲ್ಲೇ ಇರುತ್ತಿದ್ದೆವು. ಯಾರ ಮನೆಯಲ್ಲಿ ಹಸಿವಾಯಿತೋ ಅಲ್ಲೇ ತಿಂಡಿ. ಆದರೂ ನನ್ನ ಮಾತಿಗೆ ನಾನು ಬದ್ಧ, ತಾಳ್ಮೆ ಕಡಿಮೆಯಾಗಿದೆ.

ಕೌನ್ಸೆಲಿಂಗ್ ಕೆಲಸದವಳು

ಮೈಸೂರಿನ ಸರ್ ತಮಗೇ ಗೊತ್ತಿಲ್ಲದೆ ಅರ್ಧ ಉತ್ತರ ಕೊಟ್ಟಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ.

ವಿಜಯನಗರದ ಮೇಡಂ ಬರೆದಿದ್ದು ಸುಮ್ನೆ ಸುಸ್ತಲ್ಲ. ಮಕ್ಕಳನ್ನು ಸಾಕೋದರಲ್ಲೇ ಪೂರ್ತಿ ಬಳಲಿಹೋಗೋದಕ್ಕೆ ಪೇರೆಂಟಲ್ ಬರ್ನ್‌ಔಟ್ ಅನ್ನುತ್ತಾರೆ. ಇದರ ಬಗ್ಗೆ ತುಂಬ ಕೆಲಸ ಮಾಡಿದವರು ಬೆಲ್ಜಿಯಂನ ಯುಸಿಲೂವೆನ್ ವಿಶ್ವವಿದ್ಯಾಲಯದ ಇಸಾಬೆಲ್ ರೋಸ್ಕಾಮ್ ಮತ್ತು ಮೋಯ್ರಾ ಮಿಕೊಲಾಯ್‌ಚಾಕ್. 2018ರಲ್ಲಿ ಅವರು 23 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ನೋಡೋದು ನಾಲ್ಕು ಸಂಗತಿ. ಅಪ್ಪ-ಅಮ್ಮನ ಕೆಲಸದಲ್ಲೇ ಬಸವಳಿದು ಹೋಗೋದು. ಮಕ್ಕಳ ಜೊತೆ ಮನಸ್ಸು ದೂರವಾಗಿ, ಊಟ ಸ್ನಾನ ಶಾಲೆ ಅಂತ ಯಂತ್ರದ ಹಾಗೆ ನಡೆಯೋದು. ಸಾಕಪ್ಪಾ ಸಾಕು ಅನ್ನಿಸೋದು. ಕೊನೆಯದು, "ನಾನು ಮೊದಲು ಹೀಗಿರಲಿಲ್ಲ" ಅನ್ನೋ ನೋವು. ಮೇಡಂ ತಮ್ಮ ಮೊದಲ ಪೋಸ್ಟಿನಲ್ಲಿ ಇವುಗಳಲ್ಲಿ ಮೂರನ್ನಾದರೂ ಹೇಳಿದ್ದಾರೆ. ಹಾಗಂತ ಇಲ್ಲಿ ಕೂತು ನಾನು ನಿಮಗೆ ಕಾಯಿಲೆ ಪತ್ತೆ ಮಾಡುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಬರ್ನ್‌ಔಟ್ ಅನ್ನೋದನ್ನು ನೌಕರಿಯ ಮಟ್ಟಿಗೆ ಮಾತ್ರ ಒಪ್ಪಿದೆ. ಮನೆಯ ಕೆಲಸ ಆ ಲೆಕ್ಕಕ್ಕೆ ಬಂದಿಲ್ಲ.

ಆ ಇಬ್ಬರು ಕಾರಣವನ್ನು ತಕ್ಕಡಿಯ ಹಾಗೆ ನೋಡುತ್ತಾರೆ. ಒಂದು ತಟ್ಟೆಯಲ್ಲಿ ಹೊರೆ: ಎಲ್ಲವೂ ಸರಿಯಾಗೇ ಆಗಬೇಕು ಅನ್ನೋ ಹಟ, ಗಂಡ-ಹೆಂಡತಿ ಮಕ್ಕಳ ವಿಷಯಕ್ಕೆ ಜಗಳ ಆಡೋದು, ಮಗುವಿಗೆ ವಿಶೇಷ ಅಗತ್ಯ ಇರೋದು, ಇಂಥವು. ಇನ್ನೊಂದು ತಟ್ಟೆಯಲ್ಲಿ ಆಸರೆ: ಜೊತೆಗಾರರ ಬೆಂಬಲ, ಹೊರಗಿನ ಸಹಾಯ, ಸ್ವಲ್ಪ ಬಿಡುವು. ಹೊರೆ ಜಾಸ್ತಿಯಾದರೆ ಮಾತ್ರ ವಾಲುತ್ತೆ ಅಂತಿಲ್ಲ, ಆಸರೆ ಕಡಿಮೆಯಾದರೂ ವಾಲುತ್ತೆ. ಮೈಸೂರಿನ ಸರ್ ಅವರ ಅಮ್ಮನಿಗೆ ಕೆಲಸ ಬೆಟ್ಟದಷ್ಟಿತ್ತು. ಆದರೆ ಮಕ್ಕಳನ್ನು ದೀಪ ಹಚ್ಚೋವರೆಗೆ ಬೀದಿ ನೋಡಿಕೊಳ್ಳುತ್ತಿತ್ತು. ಓದನ್ನು ಮೇಷ್ಟ್ರು ನೋಡಿಕೊಳ್ಳುತ್ತಿದ್ದರು.

2021ರಲ್ಲಿ ಇದೇ ತಂಡ ಬೇರೆ ಸಂಶೋಧಕರ ಜೊತೆ ಸೇರಿ 42 ದೇಶಗಳ 17 ಸಾವಿರಕ್ಕೂ ಹೆಚ್ಚು ಪೋಷಕರ ಅಧ್ಯಯನ ಪ್ರಕಟಿಸಿತು. ಮಕ್ಕಳು ಎಷ್ಟು, ಅವರ ಜೊತೆ ಎಷ್ಟು ಗಂಟೆ ಕಳೆಯುತ್ತೀರಿ ಅನ್ನೋದಕ್ಕಿಂತ "ನಿನ್ನ ಮಗು, ನಿನ್ನ ಜವಾಬ್ದಾರಿ" ಅನ್ನೋ ಸಮಾಜದಲ್ಲಿ ಇದ್ದೀರಾ ಅನ್ನೋದೇ ದೊಡ್ಡದಾಗಿ ಕಂಡಿತು. ಅಂಥ ಸಮಾಜಗಳಲ್ಲಿ ಈ ಬಳಲಿಕೆ ಜಾಸ್ತಿ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನಾವೀಗ ಯಾವ ಕಡೆ ಇದ್ದೇವೆ, ನೀವೇ ನೋಡಿ.

ಪೀಣ್ಯದಿಂದ

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾನು ಹೇಳ್ತಾ ಇದ್ದೇನೆ, ಒಂಬತ್ತನೇ ಕ್ಲಾಸಿನ ಮಗಳು ಟೈಪ್ ಮಾಡುತ್ತಿದ್ದಾಳೆ.

ನಮ್ಮ ಫ್ಯಾಕ್ಟರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಜಾಗ ಇದೆ. ಮಗ ಚಿಕ್ಕವನಿದ್ದಾಗ ಅಲ್ಲೇ ಬಿಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಹೋದಾಗ ಮುಖ ನೋಡಿ ಬರುತ್ತಿದ್ದೆ. ಆರು ವರ್ಷ ಆದ ಮೇಲೆ "ಇನ್ನು ಕರ್ಕೊಂಡು ಬರಬೇಡಿ" ಅಂದರು. ಒಂದನೇ ಕ್ಲಾಸಿಗೆ ಹಾಕಿದೆ. ಸ್ಕೂಲು ಮೂರೂವರೆಗೆ ಬಿಡುತ್ತೆ, ನಾನು ಮನೆ ಸೇರೋದು ಆರೂವರೆಗೆ. ಆ ಮೂರು ಗಂಟೆ ಯಾರು ನೋಡಬೇಕು? ಮಷೀನ್ ಮುಂದೆ ಕೂತಾಗ ಮೂರೂವರೆ ಆಯಿತು ಅಂದರೆ ಎದೆ ಹೊಡೆದುಕೊಳ್ಳುತ್ತೆ. ಫೋನು ಹತ್ತಿರ ಇಟ್ಟುಕೊಳ್ಳೋ ಹಾಗಿಲ್ಲ. ಟಾರ್ಗೆಟ್ ಬೇರೆ.

ಮಗ ಇಂಗ್ಲಿಷ್ ಮೀಡಿಯಂ. ನಾನು ಓದಿದ್ದು ಏಳನೇ ಕ್ಲಾಸು, ಕನ್ನಡದಲ್ಲಿ. ಡೈರಿಯಲ್ಲಿ ಏನು ಬರೆದಿದ್ದಾರೆ ಅಂತ ಮಗಳು ಓದಿ ಹೇಳಬೇಕು. ಮೀಟಿಂಗಿಗೆ ಕರೆದರೆ ಅರ್ಧ ದಿನದ ಸಂಬಳ ಹೋಗುತ್ತೆ. ಹೋದರೆ ಮಿಸ್ ಇಂಗ್ಲಿಷಿನಲ್ಲಿ ಮಾತಾಡ್ತಾರೆ. ನೀವೆಲ್ಲ ಡಬ್ಬಿ ಬಗ್ಗೆ ಹೇಳ್ತಾ ಇದ್ದೀರಿ, ಅದೂ ಕಷ್ಟವೇ. ನನಗೆ ಆ ಮೀಟಿಂಗಿನ ದಿನ ಬರೋ ನಾಚಿಕೆ ಇದೆಯಲ್ಲ, ಅದು ವಾರ ಪೂರ್ತಿ ಹೋಗಲ್ಲ.

ಇದು ಮಗಳು ಬರೆಯುತ್ತಿರೋದು: ಆ ಮೂರು ಗಂಟೆ ತಮ್ಮನನ್ನು ನೋಡಿಕೊಳ್ಳೋದು ನಾನು. ಅಮ್ಮ ಅದನ್ನು ಹೇಳಲಿಲ್ಲ. ನನಗೂ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ.

ಕಾರ್ಮಿಕ ಕಾನೂನು ಓದುವವ

ಪೀಣ್ಯದ ಅಕ್ಕ ಹೇಳಿದ್ದು ಈ ಚರ್ಚೆಯ ನಡುಮನೆ. ಆರು ವರ್ಷಕ್ಕೆ ಮಗುವನ್ನು ಬಿಡಿಸಿದ್ದು ಅವರ ಫ್ಯಾಕ್ಟರಿಯ ಮನಸ್ಸಿಗೆ ಬಂದು ಅಲ್ಲ, ಬರೆದಿರೋದೇ ಹಾಗೆ. 1948ರ ಫ್ಯಾಕ್ಟರಿ ಕಾಯ್ದೆಯ 48ನೇ ಸೆಕ್ಷನ್: 30ಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕು ಅಂತಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಮಗುವಿನ ವಯಸ್ಸಿನ ಗಡಿ ಆರೇ. ಅಂಗನವಾಡಿ ಆರು ವರ್ಷದವರೆಗೆ. 2017ರ ತಿದ್ದುಪಡಿ ಕೊಟ್ಟ 26 ವಾರದ ಹೆರಿಗೆ ರಜೆ ಹಾಲು ಕುಡಿಯುವ ಮಗುವಿಗೆ. ನಮ್ಮ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆ, ಹೆಸರೇ ಹೇಳುವ ಹಾಗೆ, ಕೂಸುಗಳಿಗೆ. ಇತ್ತ ಶಿಕ್ಷಣ ಹಕ್ಕು ಕಾಯ್ದೆ ಶುರುವಾಗೋದೂ ಆರಕ್ಕೇ. ಅಂದರೆ ಅಲ್ಲಿಂದ ಮುಂದೆ ಶಾಲೆ ನೋಡಿಕೊಳ್ಳುತ್ತೆ ಅಂತ ಎಲ್ಲರೂ ಕೈ ತೊಳೆದುಕೊಂಡಿದ್ದಾರೆ.

ಶಾಲೆ ಎಷ್ಟು ನೋಡಿಕೊಳ್ಳುತ್ತೆ? ಅದೇ ಕಾಯ್ದೆ ಕೇಳೋದು ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ. ನಮ್ಮ ರಾಜ್ಯದ ಶಾಲೆಗಳು ಅದಕ್ಕಿಂತ ಜಾಸ್ತಿ ನಡೆಯುತ್ತವೆ ಅಂತಲೇ ಇಟ್ಟುಕೊಳ್ಳಿ. ಆದರೂ ಏಪ್ರಿಲ್-ಮೇ ಇದೆ, ದಸರಾ ಇದೆ. 2025ರಲ್ಲಿ ಸಮೀಕ್ಷೆಗೆ ಶಿಕ್ಷಕರು ಬೇಕು ಅಂತ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು, ನೆನಪಿದೆಯಾ? ಇನ್ನೊಂದು ಕಡೆ ಫ್ಯಾಕ್ಟರಿಯವರಿಗೆ ಸಿಗುವ ಸಂಬಳದ ರಜೆ 20 ದಿನ ದುಡಿದರೆ ಒಂದು. ವರ್ಷಕ್ಕೆ 240 ದಿನ ದುಡಿದವರಿಗೆ 12. ಈ ಎರಡು ಕ್ಯಾಲೆಂಡರ್ ಪಕ್ಕಪಕ್ಕ ತೂಗುಹಾಕಿ. ನಡುವಿನ ಸಂದು ತುಂಬಿಸೋರು ಯಾರು ಅಂದರೆ ಅಜ್ಜಿ. ಅಜ್ಜಿ ಇಲ್ಲದಿದ್ದರೆ ಅಕ್ಕ.

ಸರ್ಕಾರಿ ನೌಕರಿಯಲ್ಲಿ ಮಾತ್ರ ಬೇರೆ ಕಥೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಮಕ್ಕಳ ಪಾಲನಾ ರಜೆ ಇದೆ. ಮಗುವಿಗೆ 18 ಆಗೋವರೆಗೆ ಪರೀಕ್ಷೆಗೆ, ಕಾಯಿಲೆಗೆ ತೆಗೆದುಕೊಳ್ಳಬಹುದು. ಒಂಟಿ ತಂದೆಗೂ ಕೊಡುತ್ತಾರೆ. ಶಾಲೆಗೆ ಹೋಗುವ ಮಗುವಿಗೂ ಅಪ್ಪ-ಅಮ್ಮ ಬೇಕು ಅಂತ ಸರ್ಕಾರಕ್ಕೆ ಗೊತ್ತಿದೆ ಅನ್ನೋದಕ್ಕೆ ಇದೇ ಸಾಕ್ಷಿ. ತನ್ನ ನೌಕರರ ಮಟ್ಟಿಗೆ ಗೊತ್ತಿದೆ.

ಎರಡು ಹೆಣ್ಮಕ್ಕಳ ಅಪ್ಪ

ಅಪ್ಪಂದಿರು ಒಬ್ಬರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮನೆಯಲ್ಲಿ ಬೆಳಿಗ್ಗೆ ಜಡೆ ಹಾಕೋದು ನಾನು. ಶಾಲೆಗೆ ಬಿಡೋದೂ ನಾನು. ಹೋದ ವರ್ಷ ಕ್ಲಾಸ್ ಗ್ರೂಪಿಗೆ ನನ್ನ ನಂಬರ್ ಸೇರಿಸಿ ಅಂತ ಕೇಳಿದೆ. "ಅದು ಮದರ್ಸ್ ಗ್ರೂಪ್ ಸರ್" ಅಂದರು! ಮಗುವಿಗೆ ಜ್ವರ ಬಂದರೂ ಫೋನು ಅವಳಿಗೇ. ನಾನು ಮನೆಯಿಂದ ಕೆಲಸ ಮಾಡುತ್ತಿರುತ್ತೇನೆ, ಅವಳು ಎಲೆಕ್ಟ್ರಾನಿಕ್ ಸಿಟಿಯಲ್ಲಿರುತ್ತಾಳೆ. ಅವಳು ನನಗೆ ಫೋನ್ ಮಾಡಿ ಹೇಳಬೇಕು.

ಹಾಗಂತ ಗಂಡಸರಿಗೆ ಭಾರ ಇಲ್ಲ ಅನ್ನಬೇಡಿ. ಫೀಸು, ಮನೆ ಸಾಲದ ಕಂತು, ಕೆಲಸ ಹೋದರೆ ಏನು ಅನ್ನೋ ಭಯ. ಐಟಿಯವರಿಗೆ ದಿನಕ್ಕೆ 14 ಗಂಟೆ ಅಂತ 2024ರಲ್ಲಿ ಪ್ರಸ್ತಾವ ಬಂದಾಗ ನಾವು ಮೀಮ್ ಹಾಕಿ ನಕ್ಕೆವು. ಕರೆ, ಚಾಟ್ ಎಲ್ಲ ಸೇರಿಸಿದರೆ ಎಷ್ಟೋ ಜನ ಆಗಲೇ ಅದರ ಹತ್ತಿರ ಇದ್ದೇವೆ.

ಕುಂದಾಪುರದವಳು

ಅಣ್ಣ, ನಿಮ್ಮಂಥವರು ಹತ್ತು ಮನೆಗೆ ಒಬ್ಬರಿದ್ದರೆ ಹೆಚ್ಚು. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. "ಮಾಡುವ" ಗಂಡಸರು ಅನ್ನೋದನ್ನು ಗಮನಿಸಿ, ಮಾಡದವರು ಆ ಲೆಕ್ಕದಲ್ಲೇ ಇಲ್ಲ. ಮನೆಯವರನ್ನು ನೋಡಿಕೊಳ್ಳೋದರಲ್ಲೂ 137ಕ್ಕೆ 75. ಇದರಲ್ಲಿ ನೆನಪಿಟ್ಟುಕೊಳ್ಳೋ ಕೆಲಸ ಸೇರಿಲ್ಲ. ಸಾಕ್ಸ್ ಚಿಕ್ಕದಾಗಿದೆ, ಜಂತುಹುಳದ ಮಾತ್ರೆ ಕೊಟ್ಟಾಯಿತಾ, ಗೆಳತಿಯ ಬರ್ತ್‌ಡೇಗೆ ಗಿಫ್ಟ್. ಇದನ್ನು ಯಾವ ಸಮೀಕ್ಷೆಯವನು ನಿಮಿಷದಲ್ಲಿ ಬರೆದುಕೊಳ್ಳುತ್ತಾನೆ?

ಎರಡು ಹೆಣ್ಮಕ್ಕಳ ಅಪ್ಪ

ಜಡೆ ಹಾಕೋದಕ್ಕೆ ನನಗೆ ಸ್ವಲ್ಪವೂ ಅಂಕ ಇಲ್ವಾ?

ಕುಂದಾಪುರದವಳು

ಜಡೆ ಬಿಗಿಯಾಗಿದ್ದರೆ ಇದೆ.

ಧಾರವಾಡದ ಟೀಚರ್

ನಮಸ್ಕಾರ ರೀ. ಎಲ್ಲಾರೂ ಶಾಲೆ ಕಡೆ ಬೆರಳು ತೋರಿಸಾಕತ್ತೀರಿ, ಹಂಗಾಗಿ ಬಂದೆ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನಗೂ ಎಂಟನೇ ಕ್ಲಾಸಿನ ಮಗ ಇದ್ದಾನೆ. ಎರಡೂ ಕಡೆಯ ಪೆಟ್ಟು ಗೊತ್ತು.

2019ರಲ್ಲಿ ಶಿಕ್ಷಣ ಇಲಾಖೆ ಬ್ಯಾಗಿನ ತೂಕದ ಬಗ್ಗೆ ಸುತ್ತೋಲೆ ಹೊರಡಿಸಿತು. ಒಂದು, ಎರಡನೇ ಕ್ಲಾಸಿಗೆ ಬ್ಯಾಗ್ ಎರಡು ಕಿಲೋ ದಾಟಬಾರದು, ಹೋಂವರ್ಕ್ ಕೊಡಲೇಬಾರದು. ನಾವು ಕೊಡೋದು ನಿಲ್ಲಿಸಿದೆವು. ಏನಾಯಿತು ಗೊತ್ತಾ? ಪೋಷಕರೇ ಬಂದರು. "ಟೀಚರ್, ಪಕ್ಕದ ಮನೆ ಹುಡುಗನಿಗೆ ನಾಲ್ಕು ಪುಟ ಕೊಡ್ತಾರ, ನೀವು ಏನೂ ಕೊಡಲ್ಲ." ಹೋಂವರ್ಕ್ ಇಲ್ಲದ ಶಾಲೆ ಅಂದರೆ ಓದಿಸದ ಶಾಲೆ ಅಂತ ಊರೆಲ್ಲ ತೀರ್ಮಾನ. ಖಾಸಗಿ ಶಾಲೆಯವರು ಇದನ್ನು ಚೆನ್ನಾಗಿ ಬಲ್ಲರು. ಮನೆಗೆ ಕಳಿಸಿದಷ್ಟೂ ಪೋಷಕರಿಗೆ ಫೀಸು ಕೊಟ್ಟದ್ದು ಕಾಣುತ್ತೆ. ಆಮೇಲೆ ರಾತ್ರಿ ಹತ್ತಕ್ಕೆ ಥರ್ಮೋಕೋಲಿನಲ್ಲಿ ವಿಧಾನಸೌಧ ಕಟ್ಟೋರು ಅಪ್ಪ-ಅಮ್ಮ. ಅದಕ್ಕೆ ಅಂಕ ಕೊಡೋ ಟೀಚರಿಗೂ ಯಾರು ಕಟ್ಟಿದ್ದು ಅಂತ ಗೊತ್ತು. ಇದು ಯಾರಿಗೂ ಬೇಡವಾದ ನಾಟಕ, ಆದರೆ ಪರದೆ ಇಳಿಸೋರು ಇಲ್ಲ.

ನಮ್ಮ ಶಾಲೆಯಲ್ಲಿ ಒಂದು ಭಾರ ನಿಜವಾಗಿ ಇಳಿದಿದೆ. ಬಿಸಿಯೂಟ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಮಧ್ಯಾಹ್ನದ ಊಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಹೊಲದ ಕೆಲಸಕ್ಕೆ ಹೋಗೋ ತಾಯಿ ನಸುಕಿನಲ್ಲಿ ಎದ್ದು ಡಬ್ಬಿ ಕಟ್ಟೋ ಚಿಂತೆ ಇಲ್ಲ. ವಿಜಯನಗರದ ಮೇಡಂ ಕೈಯಿಂದ ನಾಲ್ಕು ಡಬ್ಬಿ ತೆಗೆದರೆ ಎಷ್ಟು ಉಸಿರು ಸಿಗುತ್ತೆ ಯೋಚಿಸಿ. ಲಕ್ಷಗಟ್ಟಲೆ ಫೀಸು ತಗೊಳ್ಳೋ ಶಾಲೆಗಳಿಗೆ ಅನ್ನ-ಸಾರು ಮಾಡೋಕೆ ಯಾಕೆ ಆಗಲ್ಲ ಅಂತ ಒಬ್ಬರಾದರೂ ಕೇಳಿದ್ದೀರಾ?

ಮತ್ತೆ, ರಾತ್ರಿ ಒಂಬತ್ತೂವರೆಗೆ ಮೆಸೇಜ್ ಹಾಕೋ ಟೀಚರ್ ಕೂಡ ಆಗ ತಾನೇ ಪಾತ್ರೆ ತೊಳೆದು ಕೂತಿರುತ್ತಾಳ. ಅದನ್ನೂ ನೆನಪಿಡ್ರಿ.

ಶಿವಮೊಗ್ಗದ ಅಮ್ಮ

ನನ್ನ ಮಗನಿಗೆ ಕಲಿಕಾ ನ್ಯೂನತೆ ಇದೆ. ಡಿಸ್ಲೆಕ್ಸಿಯಾ. ನಾಲ್ಕನೇ ಕ್ಲಾಸಿನವರೆಗೆ "ಸೋಮಾರಿ", "ಅಮ್ಮ ಮುದ್ದು ಮಾಡಿ ಕೆಡಿಸಿದ್ದಾಳೆ" ಅಂತ ಕೇಳಿಸಿಕೊಂಡೆ. ಉಳಿದ ಮಕ್ಕಳು ಅರ್ಧ ಗಂಟೆಯಲ್ಲಿ ಮುಗಿಸೋ ಬರವಣಿಗೆ ನಮ್ಮ ಮನೆಯಲ್ಲಿ ಮಲಗೋವರೆಗೆ ನಡೆಯುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಒಂದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯೋಕೆ ಸಹಾಯಕ, ಎಲ್ಲ ಸೌಲಭ್ಯ ಇವೆ. ಆದರೆ ಪ್ರತಿ ಜೂನ್‌ನಲ್ಲಿ ಹೊಸ ಕ್ಲಾಸ್ ಟೀಚರಿಗೆ ಮೊದಲಿಂದ ಹೇಳಬೇಕು, ಅದೇ ಫೈಲು, ಅದೇ ಸರ್ಟಿಫಿಕೇಟು. ನನ್ನನ್ನು ದಣಿಸಿದ್ದು ಮಗ ಅಲ್ಲ. ಅವನ ಕಷ್ಟ ನಿಜ ಅಂತ ಬೇರೆಯವರನ್ನು ನಂಬಿಸೋ ಕೆಲಸ.

ಫ್ರಾಂಕ್‌ಫರ್ಟಿನ ಕನ್ನಡತಿ

ಹೊರದೇಶದಲ್ಲಿ ಎಲ್ಲ ಚೆಂದ ಅಂದುಕೊಳ್ಳಬೇಡಿ. ಇಲ್ಲಿ ಜರ್ಮನಿಯಲ್ಲಿ ಪ್ರೈಮರಿ ಶಾಲೆ ಎಷ್ಟೋ ಕಡೆ ಮಧ್ಯಾಹ್ನಕ್ಕೇ ಮುಗಿಯುತ್ತೆ. ಆಮೇಲಿನ ಪಾಲನೆಗೆ ಜಾಗ ಸಿಗೋಕೆ ಕಾಯಬೇಕು. ಆದರೆ ಕಾನೂನಿನವರು ಹೇಳಿದ ಸಂದು ಇದೆಯಲ್ಲ, ಅದನ್ನು ಇಲ್ಲಿಯವರು ಕಾನೂನಿನಲ್ಲೇ ಒಪ್ಪಿಕೊಂಡಿದ್ದಾರೆ. 2021ರಲ್ಲಿ ಕಾಯ್ದೆ ಮಾಡಿದರು: 2026ರ ಆಗಸ್ಟ್‌ನಿಂದ ಒಂದನೇ ಕ್ಲಾಸಿನ ಮಕ್ಕಳಿಗೆ ಇಡೀ ದಿನದ ಪಾಲನೆ ಹಕ್ಕು, 2029ರ ಹೊತ್ತಿಗೆ ನಾಲ್ಕನೇ ಕ್ಲಾಸಿನವರೆಗೆ. ಮಗುವಿಗೆ ಹುಷಾರಿಲ್ಲದಿದ್ದರೆ 2024, 2025ರಲ್ಲಿ ಮಗುವೊಂದಕ್ಕೆ ಅಪ್ಪನಿಗೆ 15 ದಿನ, ಅಮ್ಮನಿಗೆ 15 ದಿನ ಬೇರೆಯೇ ರಜೆ, ಅದಕ್ಕೆ ವಿಮೆಯ ಹಣ.

ಇಲ್ಲದ್ದು ಜನ. ಜ್ವರ ಬಂದ ಮಗುವನ್ನು ಹತ್ತು ನಿಮಿಷ ಬಿಟ್ಟು ಔಷಧಿ ತರೋಕೆ ಪಕ್ಕದ ಮನೆ ಬೆಲ್ ಒತ್ತಲು ನನಗೆ ಧೈರ್ಯ ಸಾಲದು. ಆ 42 ದೇಶಗಳ ಅಧ್ಯಯನದ ಮಾತನ್ನು ನಾನು ದಿನಾ ಬದುಕುತ್ತಿದ್ದೇನೆ.

ಮಂಡ್ಯದ ಹುಡ್ಗ

ನಮ್ಮೂರಿನ ಮಾತು ಒಂದು ಬರಲಿ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ಡಾಕ್ಟರ್ ಆಗಿದ್ದ ಡಾ. ವಿವೇಕ್ ಮೂರ್ತಿ ಅವರ ಮನೆತನ ನಮ್ಮ ಹಲ್ಲೆಗೆರೆಯದು. 2024ರ ಆಗಸ್ಟ್‌ನಲ್ಲಿ ಅವರು ಪೋಷಕರ ಒತ್ತಡದ ಬಗ್ಗೆನೇ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಅದರಲ್ಲಿ ಅಲ್ಲಿನ ಪೋಷಕರಲ್ಲಿ 48% ಜನ ಹೆಚ್ಚಿನ ದಿನ ಒತ್ತಡ ತಡೆಯೋಕೇ ಆಗಲ್ಲ ಅಂದಿದ್ದಾರೆ. ಮಕ್ಕಳ ಜವಾಬ್ದಾರಿ ಇಲ್ಲದವರಲ್ಲಿ ಇದು 26%. ಸಿಗರೇಟಿನ ಬಗ್ಗೆ ಎಚ್ಚರಿಕೆ ಕೊಟ್ಟ ಕುರ್ಚಿಯಿಂದ ಈ ಮಾತು ಬಂತು. ಮೈಸೂರಿನ ಸರ್, ಅದು ತಾಳ್ಮೆಯ ಪ್ರಶ್ನೆ ಆಗಿದ್ದರೆ ಡಾಕ್ಟರ್ ಯಾಕೆ ವರದಿ ಬರೆಯುತ್ತಿದ್ದರು?

ಮೈಸೂರಿನ ನಿವೃತ್ತ

ಅಮೆರಿಕದವರಿಗೆ ತಾಳ್ಮೆ ಯಾವಾಗ ಇತ್ತಪ್ಪ?

ಹಾಸನ ಕಡೆಯವನು

ಪೀಣ್ಯದ ಅಕ್ಕ ಹೇಳಿದ ಆ ಮೂರು ಗಂಟೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಪಂಚಾಯಿತಿಯ ಲೈಬ್ರರಿಯನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರ ಕೊನೆಯಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಶಾಲೆ ಬಿಟ್ಟ ಮೇಲೆ ಹುಡುಗರು ಅಲ್ಲೇ ಕೂರುತ್ತವೆ. ಕೇರಂ, ಚೆಸ್, ಕಥೆ ಪುಸ್ತಕ, ಕಂಪ್ಯೂಟರ್. ಮೇಲ್ವಿಚಾರಕಿ ನಮ್ಮೂರಿನ ಹೆಣ್ಣುಮಗಳೇ, ಯಾವ ಮಗು ಯಾರ ಮನೆಯದು ಅಂತ ಗೊತ್ತು. ಅದು ಮಕ್ಕಳನ್ನು ನೋಡಿಕೊಳ್ಳೋ ಜಾಗ ಅಂತ ಯಾರೂ ಬರೆದಿಲ್ಲ. ಆದರೆ ನನ್ನ ಹೆಂಡತಿ ಡೈರಿಗೆ ಹಾಲು ಹಾಕಿ ಬರೋವರೆಗೆ ಮಗ ಎಲ್ಲಿದ್ದಾನೆ ಅಂತ ಯೋಚಿಸಿಲ್ಲ. ಬೆಂಗಳೂರಿನ ವಾರ್ಡುಗಳಲ್ಲಿ ಇದು ಯಾಕಿಲ್ಲ?

ಪೀಣ್ಯದಿಂದ

ಅಂಥದ್ದು ನಮ್ಮ ಏರಿಯಾದಲ್ಲಿ ಇದ್ದಿದ್ದರೆ ನಾನು ಟ್ಯೂಷನ್ನಿಗೆ ದುಡ್ಡು ಕಟ್ಟುತ್ತಿರಲಿಲ್ಲ. ಟ್ಯೂಷನ್ನಿಗೆ ಹಾಕಿರೋದು ಓದಿಗಲ್ಲ, ಬಾಗಿಲು ಹಾಕಿದ ಮನೆಯಲ್ಲಿ ಇಬ್ಬರೇ ಇರೋದು ಬೇಡ ಅಂತ. ನಮ್ಮ ವಠಾರದಲ್ಲಿ ಅರ್ಧ ಮಕ್ಕಳು ಅದಕ್ಕೇ ಹೋಗೋದು.

ಕೌನ್ಸೆಲಿಂಗ್ ಕೆಲಸದವಳು

ಒಂದು ವಿಷಯ ಬೇರೆಯಾಗಿ ಹೇಳಬೇಕು, ಇದಕ್ಕೆ ಶಾಲೆ ಸರಿಹೋಗೋವರೆಗೆ ಕಾಯಬಾರದು. ಮಗುವಿನ ಮೇಲೆ ಕೈ ಮಾಡೋದು ಜಾಸ್ತಿಯಾಗಿದ್ದರೆ, ಎಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡಬೇಕು ಅಂತ ಮತ್ತೆ ಮತ್ತೆ ಅನ್ನಿಸುತ್ತಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ. ಹಗಲು ರಾತ್ರಿ ಇರುತ್ತೆ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದೆ ನಿಮ್ಹಾನ್ಸ್ ಇದೆ.

ಪೀಣ್ಯದ ಮಗಳೇ, ನಿನಗೂ ಇದೇ ನಂಬರ್. ದೊಡ್ಡವರಿಗೆ ಮಾತ್ರ ಅಂತ ಇಲ್ಲ.

ವಿಜಯನಗರದ ಅಮ್ಮ

ಎಲ್ಲ ಓದಿದೆ. ಸಮಾಧಾನ ಆಯಿತು ಅನ್ನೋದಕ್ಕಿಂತ ಸಿಟ್ಟು ಬಂತು, ಅದು ಒಳ್ಳೆಯದೇ ಅನ್ನಿಸುತ್ತೆ. ಇಷ್ಟು ದಿನ ನನ್ನ ಮೇಲೇ ಸಿಟ್ಟು ಮಾಡಿಕೊಂಡಿದ್ದೆ.

ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ. ನಾಲ್ಕು ಮನೆಯವರು ಸೇರಿ ಒಂದು ಪತ್ರ ಬರೆಯುತ್ತಿದ್ದೇವೆ. ಸಂಜೆ ಐದರ ನಂತರ ಮರುದಿನಕ್ಕೆ ಸಾಮಾನು ಕೇಳುವ ಮೆಸೇಜ್ ಬೇಡ. ಟರ್ಮ್ ಶುರುವಿನಲ್ಲೇ ಪ್ರಾಜೆಕ್ಟ್, ವೇಷ, ರಜೆ ಎಲ್ಲದರ ಪಟ್ಟಿ ಕೊಡಿ. ಗ್ರೂಪಿಗೆ ಅಪ್ಪನ ನಂಬರೂ ಸೇರಲಿ. ಊಟ ಕೊಡೋಕೆ ಆಗುತ್ತಾ ಅಂತಲೂ ಸೇರಿಸಿದ್ದೇವೆ, ಧಾರವಾಡದ ಟೀಚರ್ ಮಾತು ಕೇಳಿ. "ಇದನ್ನೆಲ್ಲ ಕೇಳಿದರೆ ಮಕ್ಕಳ ಮೇಲೆ ಕಣ್ಣಿಡ್ತಾರೆ" ಅಂತ ಇಬ್ಬರು ಸಹಿ ಹಾಕಲಿಲ್ಲ. ಆ ಭಯ ಸುಳ್ಳು ಅಂತ ನಾನು ಹೇಳಲಾರೆ.

ಧಾರವಾಡದ ಟೀಚರ್

ಐದು ಗಂಟೆ ಅನ್ನಬೇಡ್ರಿ, "ಎರಡು ದಿನ ಮೊದಲು" ಅಂತ ಬರೀರಿ. ಐದು ಗಂಟೆ ಅಂದರೆ ಅವರು ನಾಲ್ಕೂ ಐವತ್ತಕ್ಕೆ ಹಾಕ್ತಾರ. ಸಹಿ ಹಾಕದವರನ್ನು ಒತ್ತಾಯ ಮಾಡಬೇಡ್ರಿ. ಪತ್ರ ಕ್ಲಾಸ್ ಟೀಚರ್ ಕೈಗೆ ಕೊಡಬೇಡ್ರಿ, ಆಕೆ ಏನೂ ಮಾಡೋಕೆ ಆಗಲ್ಲ, ಬೈಸಿಕೊಳ್ಳೋದು ಮಾತ್ರ ಆಕೆಯೇ. ಆಫೀಸಿಗೆ ಕೊಟ್ಟು ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ರಿ.

ಎರಡು ಹೆಣ್ಮಕ್ಕಳ ಅಪ್ಪ

ಆ ಪತ್ರ ಇಲ್ಲಿ ಹಾಕುತ್ತೀರಾ ಮೇಡಂ? ಹೆಸರು, ಶಾಲೆ ತೆಗೆದು ನಮ್ಮ ಶಾಲೆಗೂ ಕೊಡುತ್ತೇನೆ. ಮದರ್ಸ್ ಗ್ರೂಪಿನ ವಿಷಯ ಮೊದಲನೇ ಸಾಲಿಗೆ ತರುತ್ತೇನೆ, ಅಷ್ಟೇ ಬದಲಾವಣೆ.

ವಿಜಯನಗರದ ಅಮ್ಮ

ರಾತ್ರಿ ಟೈಪ್ ಮಾಡಿ ಹಾಕುತ್ತೇನೆ. ಕನ್ನಡದಲ್ಲೇ ಬರೆದಿದ್ದೇವೆ. ಪೀಣ್ಯದ ಅಕ್ಕ, ನಿಮಗೂ ಬೇಕಾದರೆ ಮೀಟಿಂಗಿನಲ್ಲಿ ಕನ್ನಡದಲ್ಲಿ ಮಾತಾಡಬೇಕು ಅನ್ನೋ ಸಾಲು ಸೇರಿಸಿ ಕೊಡುತ್ತೇನೆ.

ಪೀಣ್ಯದಿಂದ

ಸೇರಿಸಿ. ಮೀಟಿಂಗ್ ಭಾನುವಾರ ಇಡಿ ಅಂತಲೂ ಬರೆಯಿರಿ.